ಹೊಳೆ ದಾಟಿ ಬಂದ ಎಟಿವಿಯನ್ನೂ ಬಿಚ್ಚಿ ನೋಡಿ

ಕಾಡುದಾರಿಯ ಎಟಿವಿ (ಕಚ್ಚಾ ಹಾದಿಗೆಂದೇ ಮಾಡಿದ, ಹ್ಯಾಂಡಲ್ ಹಿಡಿದು ಓಡಿಸುವ ನಾಲ್ಕು ಚಕ್ರದ ತೆರೆದ ಗಾಡಿ) ಪ್ರವಾಸಕ್ಕೆ ಹೊರಡುವವರು ದೂರವನ್ನು ಕಿಲೋಮೀಟರುಗಳಲ್ಲಿ ಲೆಕ್ಕ ಹಾಕುವುದಕ್ಕಿಂತ ದಾಟಬೇಕಾದ ಹೊಳೆಗಳಲ್ಲಿ ಲೆಕ್ಕ ಹಾಕುವುದು ಮೇಲು. ನಾವು ಮೂವರು ಗೆಳೆಯರು ಮಳೆಗಾಲದ ಬೆನ್ನಿಗೇ ಹೊರಟಿದ್ದೆವು. ಏರು ಸಾಧಾರಣ, ಕೆಸರೂ ಹೆದರಿಸುವಂಥದ್ದಲ್ಲ. ಹಾದಿಗೆ ಅಡ್ಡವಾಗಿ ಹರಿಯುವ ನೀರು ಮಾತ್ರ ಮತ್ತೆ ಮತ್ತೆ ಎದುರಾಗುತ್ತಿತ್ತು. ಅಂಥದೇ ಹಾದಿ ಹಿಡಿಯುವ ಯೋಚನೆ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಪ್ರಕೃತಿಯ ಸೊಬಗು ಇದರಲ್ಲಿ ಕಡಿಮೆ, ಆಯಿಲ್ ಹೆಚ್ಚು.

ಮೊದಲು ಆಳದ ಮಾತು. ಕಾಲಿಡುವ ಪಟ್ಟಿಯ ಮಟ್ಟ ಮೀರಿದ ನೀರಿಗೆ ಗಾಡಿ ಇಳಿಸಬೇಡಿ ಎಂದು ಹಲವು ತಯಾರಕರ ಕೈಪಿಡಿಗಳಲ್ಲಿ ಸ್ಪಷ್ಟವಾಗಿ ಬರೆದಿರುತ್ತದೆ. ಕೆಲವು ಮಾದರಿಗಳಿಗೆ ಹೇಳಿರುವ ಮಿತಿ ಅದಕ್ಕಿಂತಲೂ ಕಡಿಮೆ. ಇದಕ್ಕೆ ಎಂಜಿನ್ನಿನ ಕಾಳಜಿಯೊಂದೇ ಕಾರಣವಲ್ಲ. ಎಟಿವಿಯ ಟೈರುಗಳು ಕಡಿಮೆ ಒತ್ತಡದ, ಉಬ್ಬಿದ ಟೈರುಗಳು. ನೀರು ಏರಿದಂತೆ ಅವು ಗಾಡಿಯನ್ನು ತೇಲಿಸತೊಡಗುತ್ತವೆ. ನೆಲದ ಹಿಡಿತ ತಪ್ಪಿದ ಮೇಲೆ ಹ್ಯಾಂಡಲ್ ನಿಮ್ಮ ಕೈಯಲ್ಲಿದ್ದರೂ ದಿಕ್ಕು ಹೊಳೆಯ ಕೈಯಲ್ಲಿರುತ್ತದೆ. ಕೋಲು ಹಿಡಿದು ನಡೆದು ದಾಟಿ ನೋಡದ ನೀರಿಗೆ ಗಾಡಿ ಇಳಿಸುವಂತಿಲ್ಲ ಎಂಬುದು ನಮ್ಮ ತಂಡದ ಕಟ್ಟುಪಾಡು. ನಡೆಯುವವನ ಕಾಲನ್ನೇ ಎಳೆಯುವಷ್ಟು ಸೆಳೆತವಿದ್ದರೆ ಚರ್ಚೆ ಅಲ್ಲಿಗೇ ಮುಗಿಯಿತು, ಬೇರೆ ದಾರಿ ಹುಡುಕಬೇಕು.

ಕೋಲಿಗೆ ಸಿಗದ ಗುಂಡಿಗಳೂ ಇರುತ್ತವೆ. ದಾರಿಯ ಅತಿ ಅಗಲವಾದ ಹೊಳೆಯಲ್ಲಿ ಎರಡು ಗಾಡಿಗಳು ಸರಾಗವಾಗಿ ದಾಟಿದವು. ಮೂರನೆಯದರ ಮುಂದಿನ ಚಕ್ರ ನಡುವೆ ಕುಸಿದು, ನೀರು ಸೀಟಿನವರೆಗೆ ಬಂದು, ಎಂಜಿನ್ ನಿಂತುಹೋಯಿತು. ಗೆಳೆಯನ ಹೆಬ್ಬೆರಳು ಸೆಲ್ಫ್ ಬಟನ್ನಿನ ಕಡೆಗೆ ಹೋಗುವುದನ್ನು ಕಂಡು ದಡದಿಂದ ಇಬ್ಬರೂ ಒಟ್ಟಿಗೆ ಕೂಗಿದೆವು. ಈ ಬರಹದಿಂದ ಒಂದೇ ಸಾಲನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ನೀರಿನಲ್ಲಿ ನಿಂತ ಎಂಜಿನ್ನನ್ನು ನೀರಿನಲ್ಲೇ ಚಾಲೂ ಮಾಡಲು ಹೋಗಬೇಡಿ. ಗಾಳಿಯನ್ನು ಪಿಸ್ಟನ್ ಒತ್ತಿ ಕುಗ್ಗಿಸಬಲ್ಲದು, ನೀರನ್ನು ಕುಗ್ಗಿಸಲಾರದು. ಸಿಲಿಂಡರಿನಲ್ಲಿ ನೀರಿರುವಾಗ ಎಂಜಿನ್ ತಿರುಗಿಸಿದರೆ ಆ ಬಲವೆಲ್ಲ ಪಿಸ್ಟನ್ನಿನ ಚಲನೆಯನ್ನು ಎಂಜಿನ್ನಿನ ತಿರುಗುವ ದಂಡಕ್ಕೆ ಸಾಗಿಸುವ ಕನೆಕ್ಟಿಂಗ್ ರಾಡಿನ ಮೇಲೆ ಬಿದ್ದು ಅದು ಬಾಗಬಹುದು. ಬಾಗಿದ ರಾಡ್ ಎಂದರೆ ಎಂಜಿನ್ ಪೂರ್ತಿ ಬಿಚ್ಚುವ ಕೆಲಸ.

ಗಾಡಿಯನ್ನು ನ್ಯೂಟ್ರಲಿಗೆ ತಂದು, ಹಗ್ಗ ಕಟ್ಟಿ ದಡಕ್ಕೆ ಎಳೆದೆವು. ಗೇರಿನಲ್ಲಿಟ್ಟು ಎಳೆದರೆ ಚಕ್ರಗಳೇ ಎಂಜಿನ್ನನ್ನು ತಿರುಗಿಸಬಹುದು, ಆಗ ಸೆಲ್ಫ್ ಒತ್ತದಿದ್ದರೂ ಒತ್ತಿದಷ್ಟೇ ನಷ್ಟ. ದಡದಲ್ಲಿ ಇಳಿಜಾರು ನೋಡಿ, ಮೂತಿ ಮೇಲಾಗುವಂತೆ ನಿಲ್ಲಿಸಿದರೆ ಸೈಲೆನ್ಸರಿನಲ್ಲಿ ತುಂಬಿದ ನೀರು ತಾನಾಗಿ ಹಿಂದಕ್ಕೆ ಹರಿದು ಬರುತ್ತದೆ. ಎಂಜಿನ್ ಓಡುತ್ತಿರುವಷ್ಟು ಹೊತ್ತು ಹೊಗೆಯ ಒತ್ತಡವೇ ನೀರನ್ನು ಹೊರಗಿಡುತ್ತದೆ. ಅದು ನಿಂತಿತೆಂದರೆ ಸೈಲೆನ್ಸರೇ ನೀರಿಗೆ ಬಾಗಿಲು. ಏರ್ ಫಿಲ್ಟರ್ ಒದ್ದೆಯಾಗದಿದ್ದರೂ ಸಿಲಿಂಡರಿನಲ್ಲಿ ನೀರಿರಬಹುದು ಎನ್ನುವುದು ಇದಕ್ಕೇ.

ಆಮೇಲಿನ ಕೆಲಸಕ್ಕೆ ಅವಸರ ಬೇಡ. ಸೀಟು ತೆಗೆದು ಏರ್ ಫಿಲ್ಟರಿನ ಡಬ್ಬಿ ತೆರೆಯಿರಿ. ಫಿಲ್ಟರಿನ ಒಳಬದಿ, ಅಂದರೆ ಎಂಜಿನ್ನಿನ ಕಡೆಯ ಬದಿ ಒದ್ದೆಯಾಗಿದ್ದರೆ ನೀರು ಮುಂದಕ್ಕೆ ಹೋಗಿದೆ ಎಂದೇ ತಿಳಿಯಬೇಕು. ಸ್ಪಾರ್ಕ್ ಪ್ಲಗ್ ಬಿಚ್ಚುವ ಮೊದಲು ಅದರ ಸುತ್ತಲಿನ ಮರಳನ್ನು ಊದಿ ತೆಗೆಯಿರಿ, ಇಲ್ಲದಿದ್ದರೆ ಅದು ನೇರ ಸಿಲಿಂಡರಿಗೆ ಬೀಳುತ್ತದೆ. ಪ್ಲಗ್ ಹೊರಬಂದ ಮೇಲೆ ಎಂಜಿನ್ನನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿದರೆ ನೀರು ಆ ರಂಧ್ರದಿಂದ ಚಿಮ್ಮುತ್ತದೆ. ಮುಖವನ್ನು ದೂರವಿಡಿ. ಚಿಮ್ಮುವುದರಲ್ಲಿ ಪೆಟ್ರೋಲ್ ಕೂಡ ಇರುವುದರಿಂದ ಪ್ಲಗ್ಗಿನ ವೈರನ್ನು ಕಿಡಿ ಹಾರದಂತೆ ದೂರಕ್ಕೆ ಕಟ್ಟಿ, ಎಂಜಿನ್ನಿನ ಲೋಹಕ್ಕೆ ಅರ್ತ್ ಮಾಡಿ. ಬರಿಯ ಗಾಳಿ ಬರುವವರೆಗೆ ತಿರುಗಿಸಿ, ನಾಲ್ಕು ಹನಿ ಎಂಜಿನ್ ಆಯಿಲ್ ಬಿಟ್ಟು ಮತ್ತೊಮ್ಮೆ ತಿರುಗಿಸಿದರೆ ಸಿಲಿಂಡರಿನ ಗೋಡೆಗೆ ತುಕ್ಕಿನಿಂದ ರಕ್ಷಣೆ ಸಿಗುತ್ತದೆ.

ಚಾಲೂ ಮಾಡುವ ಆಸೆಯನ್ನು ಇನ್ನೂ ಸ್ವಲ್ಪ ತಡೆಯಬೇಕು, ಏಕೆಂದರೆ ಆಯಿಲ್ ನೋಡುವುದು ಬಾಕಿ ಇದೆ. ಅಳತೆಕಡ್ಡಿ ಎಳೆದು ಬಣ್ಣ ನೋಡಿ. ಹಾಲು ಬೆರೆಸಿದ ಕಾಫಿಯಂತೆ ಕಂಡರೆ ನೀರು ಸೇರಿ ಕಡೆದುಹೋಗಿದೆ. ಬಣ್ಣ ಸರಿಯಿದ್ದೂ ಮಟ್ಟ ಏರಿದ್ದರೆ ಅದೂ ಕೆಟ್ಟ ಸುದ್ದಿಯೇ. ಕದಡದ ನೀರು ಆಯಿಲಿಗಿಂತ ಭಾರವಾದ್ದರಿಂದ ತಳದಲ್ಲಿ ಕೂತಿರುತ್ತದೆ, ಕೆಳಗಿನ ಬೋಲ್ಟ್ ಸಡಿಲಿಸಿದಾಗ ಮೊದಲು ಹೊರಬರುವುದು ಅದೇ. ನೀರು ಸೇರಿದ ಆಯಿಲನ್ನು ಪೂರ್ತಿ ಇಳಿಸಿ, ಹೊಸದನ್ನು ತುಂಬಿ, ಕೆಲವು ನಿಮಿಷ ಎಂಜಿನ್ನನ್ನು ನಿಂತಲ್ಲೇ ಓಡಿಸಿ ಮತ್ತೆ ಇಳಿಸಬೇಕು. ಬಣ್ಣ ತಿಳಿಯಾಗುವವರೆಗೆ ಇದೇ ಕ್ರಮ. ಒಂದೇ ಸಲಕ್ಕೆ ತಿಳಿಯಾಗುವುದು ಅಪರೂಪ. ಕೊನೆಯ ಸಲ ಆಯಿಲ್ ಫಿಲ್ಟರನ್ನೂ ಬದಲಿಸಿ. ಅನೇಕ ಎಟಿವಿಗಳಲ್ಲಿ ಕ್ಲಚ್ ಅದೇ ಆಯಿಲಿನಲ್ಲಿ ಮುಳುಗಿ ಕೆಲಸ ಮಾಡುವುದರಿಂದ ಕೈಗೆ ಸಿಕ್ಕ ಕಾರಿನ ಆಯಿಲ್ ಸುರಿದರೆ ಕ್ಲಚ್ ಜಾರಬಹುದು. ಕೈಪಿಡಿ ಹೇಳಿದ ದರ್ಜೆಯ ಆಯಿಲನ್ನು ಮನೆಯಿಂದಲೇ, ಕನಿಷ್ಠ ಎರಡು ಸಲಕ್ಕೆ ಸಾಲುವಷ್ಟು ಒಯ್ಯಿರಿ. ಭಾರ ಎಂದು ಗೊಣಗುವವರಿಗೆ ಹೊಳೆಯ ದಡದಲ್ಲಿ ಉತ್ತರ ಸಿಗುತ್ತದೆ.

ಗೆಳೆಯನದು ಕಾರ್ಬುರೇಟರಿನ (ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಹಳೆಯ ಗಾಡಿ. ಕಾರ್ಬುರೇಟರಿನ ತಳದ ಬಟ್ಟಲಿಗೆ ಒಂದು ಸಣ್ಣ ಸ್ಕ್ರೂ ಇರುತ್ತದೆ. ಅದನ್ನು ಸಡಿಲಿಸಿ ಪಾರದರ್ಶಕ ಬಾಟಲಿಗೆ ಪೆಟ್ರೋಲ್ ಇಳಿಸಿದರೆ ನೀರು ಮಣಿಗಳಾಗಿ ತಳಕ್ಕೆ ಇಳಿಯುವುದು ಕಣ್ಣಿಗೇ ಕಾಣುತ್ತದೆ. ಮಣಿ ಕಾಣದಂತಾಗುವವರೆಗೆ ಇಳಿಸಿದೆವು. ಎಲ್ಲ ಮುಗಿಯುವಾಗ ಸಂಜೆಯಾಗಿತ್ತು. ಗಾಡಿ ಮೊದಲು ಕೆಮ್ಮಿತು, ಬಿಳಿ ಆವಿ ಬಿಟ್ಟಿತು, ಆಮೇಲೆ ಸಮವಾಗಿ ಓಡಿತು.

ಇಷ್ಟೆಲ್ಲ ಉಪಚಾರ ನಿಂತ ಗಾಡಿಗೆ ಸಿಕ್ಕಿತು. ಅದು ನಿಂತದ್ದರಿಂದಲೇ ಸಿಕ್ಕಿತು. ನಾನು ಇಲ್ಲಿ ಮುಖ್ಯವಾಗಿ ಹೇಳಬೇಕೆಂದಿರುವುದು ದಾಟಿ ಬಂದ ಗಾಡಿಗಳ ಬಗ್ಗೆ. ಅವುಗಳ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ, ಆದರೆ ನೀರು ಅವುಗಳ ಒಳಗೂ ಹೋಗಿರಬಹುದು. ರಾತ್ರಿಯ ತಂಗುದಾಣದಲ್ಲಿ ನನ್ನ ಗಾಡಿಯನ್ನೂ, ಎರಡನೆಯ ಗೆಳೆಯನ ಗಾಡಿಯನ್ನೂ ಪರೀಕ್ಷಿಸೋಣ ಎಂದಾಗ ನಗೆಚಾಟಿಕೆ ಆಯಿತು. ಅವನ ಗಾಡಿಯ ಮುಂದಿನ ಡಿಫರೆನ್ಷಿಯಲ್ಲಿನ, ಅಂದರೆ ಎರಡು ಚಕ್ರಗಳಿಗೆ ಬಲ ಹಂಚುವ ಗೇರ್ ಪೆಟ್ಟಿಗೆಯ, ಬೋಲ್ಟ್ ತೆಗೆದಾಗ ಬೂದುಬಿಳಿಯ ಆಯಿಲ್ ಇಳಿಯಿತು, ನಗೆ ನಿಂತಿತು.

ಇದರ ಹಿಂದಿನ ಕಾರಣ ಸರಳ. ಹೊತ್ತುಗಟ್ಟಲೆ ಓಡಿದ ಗೇರ್ ಪೆಟ್ಟಿಗೆ ಕಾದಿರುತ್ತದೆ. ತಣ್ಣೀರಿನಲ್ಲಿ ಮುಳುಗಿದೊಡನೆ ಒಳಗಿನ ಗಾಳಿ ಕುಗ್ಗಿ, ಆಯಿಲ್ ಸೀಲಿನ (ಆಯಿಲ್ ಸೋರದಂತೆ ತಡೆಯುವ ರಬ್ಬರ್ ಬಳೆ) ಅಂಚಿನಿಂದಲೋ ಗಾಳಿಯಾಡಲು ಇಟ್ಟ ಸಣ್ಣ ಕೊಳವೆಯಿಂದಲೋ ನೀರನ್ನು ಎಳೆದುಕೊಳ್ಳುತ್ತದೆ. ಈ ಕೊಳವೆಯ ತುದಿ ಎಷ್ಟು ಎತ್ತರದಲ್ಲಿದೆ ಎಂದು ಹೊರಡುವ ಮೊದಲೇ ನೋಡಿಕೊಳ್ಳಿ. ಬಿರುಕು ಬಿಟ್ಟಿದ್ದರೆ, ಕಳಚಿ ಜೋತಿದ್ದರೆ ಸರಿಪಡಿಸಿ. ಹೊಳೆ ಕಂಡ ಕೂಡಲೇ ನುಗ್ಗದೆ ಸ್ವಲ್ಪ ಹೊತ್ತು ನಿಂತು ಗಾಡಿ ಆರಲು ಬಿಡುವುದೂ ಒಳ್ಳೆಯದು. ಆಳ ನೋಡಲು ಹೇಗೂ ಸಮಯ ಬೇಕಲ್ಲವೇ. ಗೇರ್ ಆಯಿಲಿನಲ್ಲಿ ನೀರಿದ್ದರೂ ಗಾಡಿ ಯಾವ ದೂರೂ ಹೇಳದೆ ಓಡುತ್ತದೆ. ಹಲ್ಲುಗಳೂ ಬೇರಿಂಗುಗಳೂ ಸವೆದು ಸದ್ದು ಶುರುವಾಗುವ ಹೊತ್ತಿಗೆ ಹೊಳೆಯನ್ನು ಎಲ್ಲರೂ ಮರೆತಿರುತ್ತಾರೆ.

ಬೆಲ್ಟಿನಿಂದ ಓಡುವ ಗಾಡಿಯಾದರೆ ಅದರ ಕವಚಕ್ಕೂ ನೀರು ನುಗ್ಗುತ್ತದೆ. ಎಂಜಿನ್ ಮೊರೆಯುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಇದು ಬೆಲ್ಟ್ ಜಾರುತ್ತಿರುವ ಗುರುತು. ಹಾಗೇ ದಬಾಯಿಸಿದರೆ ಬೆಲ್ಟಿನ ಮೈ ಸುಟ್ಟು ನುಣುಪಾಗಿ ಹಿಡಿತ ಕಳೆದುಕೊಳ್ಳುತ್ತದೆ. ಕವಚದ ತಳದ ಬಿರಡೆ ತೆಗೆದು ನೀರು ಬಸಿದು, ನ್ಯೂಟ್ರಲಿನಲ್ಲಿ ಆಕ್ಸಿಲರೇಟರನ್ನು ಬಿಟ್ಟು ಬಿಟ್ಟು ಏರಿಸಿದರೆ ಬೆಲ್ಟ್ ತಿರುಗಿ ಒಣಗುತ್ತದೆ. ವೇಗ ಪೂರ್ತಿ ಇಳಿದ ಮೇಲಷ್ಟೇ ಗೇರ್ ಹಾಕಿ.

ಏರ್ ಫಿಲ್ಟರ್ ಡಬ್ಬಿಯ ತಳದಲ್ಲಿ, ಸಾಮಾನ್ಯವಾಗಿ ಕಾಲಿನ ಬಳಿ ಕಾಣುವಂತೆ, ಒಂದು ಕೊಳವೆ ಮುಚ್ಚಳದೊಂದಿಗೆ ಇರುತ್ತದೆ. ಅದರಲ್ಲಿ ನೀರು ಕಂಡರೆ ಫಿಲ್ಟರ್ ತೆಗೆದು ನೋಡಲೇಬೇಕು. ಸ್ಪಂಜಿನ ಫಿಲ್ಟರನ್ನು ತೊಳೆದು, ಹಿಂಡದೆ ಒತ್ತಿ, ಒಣಗಿಸಿ, ಫಿಲ್ಟರ್ ಆಯಿಲ್ ಹಚ್ಚಿ ಮತ್ತೆ ಹಾಕಬಹುದು. ಕಾಗದದ್ದು ಒದ್ದೆಯಾದರೆ ಎಸೆಯಿರಿ.

ಚಕ್ರಗಳ ಪರೀಕ್ಷೆಗೆ ಉಪಕರಣವೇ ಬೇಡ. ಚಕ್ರವನ್ನು ನೆಲದಿಂದ ಎತ್ತಿ, ಮೇಲೊಂದು ಕೆಳಗೊಂದು ಕೈಯಿಟ್ಟು ಅಲುಗಿಸಿ. ಟಕಟಕ ಆಡಿದರೆ, ತಿರುಗಿಸಿದಾಗ ಮರಳು ಅರೆದಂಥ ಸದ್ದು ಬಂದರೆ ಬೇರಿಂಗ್ ಕೆಟ್ಟಿರಬಹುದು. ಆಕ್ಸಲಿನ ರಬ್ಬರ್ ಗವಸುಗಳು ಹರಿದಿವೆಯೇ ಎಂದು ಬೆರಳಾಡಿಸಿ ನೋಡಿ. ಒಂದು ಸಣ್ಣ ಸೀಳು ಸಾಕು, ಗ್ರೀಸ್ ಹೊರಗೆ, ಕೆಸರು ಒಳಗೆ. ಗ್ರೀಸ್ ನಿಪ್ಪಲ್ (ಗ್ರೀಸ್ ತುಂಬುವ ಸಣ್ಣ ಮೂತಿ) ಇರುವ ಕಡೆಗಳಲ್ಲೆಲ್ಲ ಹೊಸ ಗ್ರೀಸ್ ಒತ್ತಿದರೆ ಹಳೆಯದರೊಂದಿಗೆ ನೀರೂ ಹೊರಬೀಳುತ್ತದೆ. ಬ್ರೇಕುಗಳನ್ನಂತೂ ಹೊಳೆಯಿಂದ ಮೇಲೆ ಬಂದ ಕೂಡಲೇ, ನಿಧಾನವಾಗಿ ಹೋಗುತ್ತ ಲಘುವಾಗಿ ಒತ್ತಿ ಹಿಡಿದು ಒಣಗಿಸಬೇಕು. ಮುಂದಿನ ಇಳಿಜಾರಿನಲ್ಲಿ ಬ್ರೇಕ್ ಇಲ್ಲವೆಂದು ಗೊತ್ತಾಗುವುದು ಯಾರಿಗೂ ಬೇಡ.

ವಿದ್ಯುತ್ತಿನ ತೊಂದರೆಗಳು ಬೇರೆ ಜಾತಿಯವು: ಇವತ್ತು ಎಲ್ಲ ದೀಪಗಳೂ ಉರಿಯುತ್ತವೆ, ಕೆಲವು ವಾರಗಳ ನಂತರ ಫ್ಯಾನ್ ತಿರುಗುವುದಿಲ್ಲ. ಮುಳುಗಿದ ಮಟ್ಟದವರೆಗಿನ ಕನೆಕ್ಟರುಗಳನ್ನು ಬ್ಯಾಟರಿ ಕಳಚಿದ ಮೇಲೆ ಬಿಡಿಸಿ, ಊದಿ ಒಣಗಿಸಿ. ತಾಮ್ರದ ಮೇಲೆ ಹಸಿರು ಕಂಡರೆ ಉಜ್ಜಿ ತೆಗೆದು, ಕನೆಕ್ಟರುಗಳಿಗೆಂದೇ ಸಿಗುವ ಸಿಲಿಕೋನ್ ಗ್ರೀಸ್ ಸವರಿ ಜೋಡಿಸಿ. ಫ್ಯೂಸ್ ಪೆಟ್ಟಿಗೆಯ ಮುಚ್ಚಳದ ಒಳಗೂ ತೇವ ಇದೆಯೇ ನೋಡಿ.

ಮನೆಗೆ ಬಂದ ಮೇಲೆ ರೇಡಿಯೇಟರಿನ ಸಂದುಗಳ ಕೆಸರನ್ನು, ಎಂಜಿನ್ ಪೂರ್ತಿ ಆರಿದ ನಂತರ, ಕಡಿಮೆ ಒತ್ತಡದ ನೀರಿನಿಂದ ತೊಳೆಯಿರಿ. ಒತ್ತಡದ ಯಂತ್ರವನ್ನು ಸೀಲು, ಬೇರಿಂಗುಗಳಿಗೆ ಗುರಿಯಿಟ್ಟರೆ ಹೊಳೆ ಮಾಡದ ಹಾನಿಯನ್ನು ನೀವೇ ಮಾಡಿದಂತಾಗುತ್ತದೆ. ಉಪ್ಪುನೀರಿಗೆ ಇಳಿದ ಗಾಡಿಯನ್ನು ಮಾತ್ರ ಮನೆಯವರೆಗೂ ಕಾಯಿಸಬಾರದು, ಸಿಹಿನೀರು ಸಿಕ್ಕಲ್ಲೇ ತೊಳೆಯಬೇಕು. ಮುಳುಗಿ ನಿಂತ ಗಾಡಿಯನ್ನು ಏನೂ ಮಾಡದೆ ಷೆಡ್ಡಿಗೆ ತಳ್ಳಿದರೆ ಕೆಲವೇ ದಿನಗಳಲ್ಲಿ ಒಳಗೆ ತುಕ್ಕು ಹಿಡಿಯತೊಡಗುತ್ತದೆ.

ಬದಲಿಸಿದ ಗೇರ್ ಆಯಿಲನ್ನು ಮುಂದಿನ ಒಂದು ಸಣ್ಣ ಓಡಾಟದ ನಂತರ ಇನ್ನೊಮ್ಮೆ ನೋಡಿ. ಹೊಳೆಯನ್ನೇ ಮುಟ್ಟದೆ, ಬರಿಯ ತೊಳೆತದಿಂದಲೇ ಅದು ಮತ್ತೆ ಬಿಳಿಚಿದರೆ ಸೀಲ್ ಹೋಗಿದೆ. ಆಯಿಲ್ ಬದಲಿಸುತ್ತಾ ಕೂರದೆ ಸೀಲನ್ನೇ ಬದಲಿಸಿ. ಎರಡನೆಯ ಗೆಳೆಯನ ಗಾಡಿಯಲ್ಲಿ ಎಡಗಡೆಯ ಆಕ್ಸಲ್ ಸೀಲಿನ ತುಟಿ ಹರಿದಿತ್ತು. ಹೊಸದನ್ನು ಹಾಕಿಸಿದ ಮೇಲೆ ಆಯಿಲ್ ಮತ್ತೆ ಬಿಳಿಚಿಲ್ಲ.