ಅಷ್ಟು ಚಿಕ್ಕ ಮಗುಗೆ ಕಿವಿ ಕೇಳ್ಸಲ್ಲ ಅಂತ ಹೆಂಗ್ ಗೊತ್ತಾಯ್ತು?

ಹಾಸನದಿಂದ ಮೈಸೂರಿಗೆ ಹೋಗೋ ಟ್ರೈನಲ್ಲಿ ನನ್ನ ಮಗಳ ಕಿವಿ ಮೇಲಿರೋ ಮೆಷೀನ್ ನೋಡಿ, ಹೊಳೆನರಸೀಪುರ ಬರೋಷ್ಟ್ರಲ್ಲಿ ಒಬ್ರಾದ್ರೂ ಇದನ್ನ ಕೇಳೇ ಕೇಳ್ತಾರೆ. ಐದು ತಿಂಗಳಿಗೇ ಹಾಕ್ಸಿದ್ವಿ ಅಂದ್ರೆ ನಂಬಲ್ಲ.

ನಮಗೆಲ್ಲಿ ಗೊತ್ತಾಗುತ್ತೆ, ಟೆಸ್ಟಲ್ಲಿ ಗೊತ್ತಾಗಿದ್ದು. ಡಿಸ್ಚಾರ್ಜ್ ದಿನ ನಿದ್ದೆ ಮಾಡ್ತಿದ್ದ ಮಗು ಕಿವಿಗೆ ಸಣ್ಣ ಪ್ರೋಬ್ ಇಟ್ಟು ಓಎಇ ಅಂತ ಟೆಸ್ಟ್ ಮಾಡಿದ್ರು, ಸೂಜಿ ಇಲ್ಲ ನೋವಿಲ್ಲ, ಕೆಲವೇ ನಿಮಿಷ. ಸಣ್ಣಗೆ ಶಬ್ದ ಒಳಗೆ ಬಿಡ್ತಾರೆ, ಒಳಕಿವಿ ಚೆನ್ನಾಗಿದ್ರೆ ವಾಪಸ್ ಒಂದು ಪ್ರತಿಧ್ವನಿ ಬರುತ್ತೆ. ನಮ್ಮದು ‘ರೆಫರ್’ ಅಂತ ಬಂತು. ಹಂಗಂದ್ರೆ ಕಿವುಡು ಅಂತ ಅಲ್ಲ, ಆಗಷ್ಟೇ ಹುಟ್ಟಿದ ಮಗು ಕಿವೀಲಿ ನೀರಿದ್ರೂ ಹಿಂಗೆ ಬರುತ್ತೆ, ತಿಂಗಳೊಳಗೆ ಮತ್ತೆ ಬನ್ನಿ ಅಂದ್ರು.

ಮನೆಗೆ ಬಂದ್ವಿ, ಅತ್ತೆ ಸ್ಟೀಲ್ ತಟ್ಟೆ ತಗೊಂಡು ತೊಟ್ಟಿಲ ಪಕ್ಕ ಬಡಿದ್ರು, ಮಗು ಬೆಚ್ಚಿಬಿತ್ತು, ನೋಡು ಏನೂ ಇಲ್ಲ ಅಂದ್ರು, ನಾವೂ ಸುಮ್ನಾದ್ವಿ. ಆದ್ರೆ ತಟ್ಟೆ ಬಡಿಯೋ ಕೈ ಕಾಣ್ಸುತ್ತೆ, ತೊಟ್ಟಿಲು ಅದುರುತ್ತೆ, ಜೋರು ಸದ್ದು ಕೇಳ್ಸಿದ ಮಗುಗೆ ಮಾತು ಕೇಳ್ಸದೇ ಇರಬಹುದು. ಇನ್ನೊಂದು ನಂಗೆ ಆಮೇಲೆ ಗೊತ್ತಾಗಿದ್ದು, ಕಿವಿ ಕೇಳದ ಮಗೂನೂ ಮೊದಲ ಕೆಲವು ತಿಂಗಳು ಎಲ್ಲ ಮಕ್ಕಳಂಗೇ ಊಂ ಆಂ ಅನ್ನುತ್ತೆ. ಅದಕ್ಕೇ ಎಷ್ಟೋ ಮನೇಲಿ ಬಜೆ ತೇದು ನಾಲಿಗೆಗೆ ಹಚ್ಕೊಂಡು, ಅವ್ರಪ್ಪನೂ ಲೇಟಾಗೇ ಮಾತಾಡಿದ್ದು ಅಂದ್ಕೊಂಡು ಎರಡು ಮೂರು ವರ್ಷ ಕಾಯ್ತಾರೆ. ಅತ್ತೆ ಮೇಲೆ ಕೋಪ ಇಲ್ಲ, ಪ್ರೀತಿಗೇ ಬಡಿದಿದ್ದು. ಆ ಸದ್ದು ನಂಬಿ ಎರಡು ತಿಂಗಳು ಕಳೆದ್ವಲ್ಲ, ಅದು ಈಗ್ಲೂ ಚುಚ್ಚುತ್ತೆ.

ಲೆಕ್ಕ ಇರೋದು 1-3-6 ಅಂತ. 1 ತಿಂಗಳೊಳಗೆ ಸ್ಕ್ರೀನಿಂಗ್, 3 ತಿಂಗಳೊಳಗೆ ಕೇಳ್ಸುತ್ತೋ ಇಲ್ವೋ ಖಚಿತ, 6 ತಿಂಗಳೊಳಗೆ ಮೆಷೀನು, ಥೆರಪಿ ಶುರು. ಮಾತು ಕಲಿಯೋ ಮಿದುಳು ಅಷ್ಟು ಬೇಗ ಕೆಲಸ ಶುರು ಮಾಡಿರುತ್ತೆ. ಮೈಸೂರು ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೇಲಿ ತಲೆಗೆ ವೈರ್ ಅಂಟಿಸಿ, ಮಲಗಿಸಿಯೇ ಬೇರಾ ಟೆಸ್ಟ್ ಮಾಡಿದ್ರು, ಶಬ್ದ ನರದಲ್ಲಿ ಮಿದುಳಿನ ಕಡೆ ಹೋಗ್ತಿದ್ಯಾ ಅಂತ ನೋಡೋಕೆ. ಕಾಮಾಲೆ ತುಂಬ ಜಾಸ್ತಿಯಾಗಿದ್ದ ಮಕ್ಕಳಿಗೆ, ಎನ್‌ಐಸಿಯೂನಲ್ಲಿ, ಅಂದ್ರೆ ಹಸುಗೂಸುಗಳ ತೀವ್ರ ನಿಗಾ ವಾರ್ಡಲ್ಲಿ, ಇದ್ದ ಮಕ್ಕಳಿಗೆ ಓಎಇ ಪಾಸ್ ಆದ್ರೂ ಇದನ್ನ ಮಾಡ್ಸಿ, ನರದ ತೊಂದ್ರೆ ಓಎಇಗೆ ಸಿಗಲ್ಲ.

ಸಂಬಂಧದಲ್ಲಿ ಮದ್ವೆನಾ ಅಂತಾನೂ ಕೇಳ್ತಾರೆ. ಹೌದು, ಸೋದರತ್ತೆ ಮಗನೇ. ಅದ್ರಿಂದ ಸಾಧ್ಯತೆ ಜಾಸ್ತಿ ಆಗುತ್ತೆ ನಿಜ, ಆದ್ರೆ ಮನೇಲಿ ಯಾರಿಗೂ ಇಲ್ಲದೆ, ಹೊರಗಡೆ ಮದ್ವೆಯಾದವ್ರ ಮಕ್ಕಳನ್ನೂ ಅಲ್ಲಿ ಎಷ್ಟೋ ನೋಡಿದೀನಿ, ದಯವಿಟ್ಟು ತಾಯಿ ಮುಂದೆ ತಪ್ಪು ಯಾರದು ಅಂತ ಹುಡುಕ್ಬೇಡಿ.

ಮೆಷೀನ್ ಹಾಕಿದ ತಕ್ಷಣ ಮಾತು ಬರಲ್ಲ. ಸ್ನಾನ ಮಾಡ್ಸುವಾಗ ನೀರು, ಬಿಸಿನೀರು, ಚೊಂಬು ಅಂತ ಮುಖ ನೋಡ್ಕೊಂಡು ದಿನಕ್ಕೆ ನೂರು ಸಲ ಹೇಳಿದೀನಿ, ಕೈಸನ್ನೆನೂ ಮಾಡಿದೀನಿ, ಸನ್ನೆ ಮಾಡಿದ್ರೆ ಮಾತು ಬರಲ್ಲ ಅನ್ನೋದನ್ನ ನಾನು ಒಪ್ಪಲ್ಲ. ಈಗ ಅವ್ಳಿಗೆ ನಾಲ್ಕು ವರ್ಷ. ಬೆಳೀತಾ ಬೆಳೀತಾ ಮೆಷೀನಿನ ಕಿವಿಯೊಳಗೆ ಕೂರೋ ಅಚ್ಚು ಸಡಿಲ ಆಗಿ ಕುಯ್ಯ್ ಅನ್ನುತ್ತೆ, ಆಗ ಹೊಸ ಅಚ್ಚಿಗೆ ಮತ್ತೆ ಅದೇ ಟ್ರೈನು.