ಮೂಸ್ಮೆಯ ಮುಖ ಗುಲಾಬಿಯಾದದ್ದು

ವ್ಯಾನ್ ಗಾಗ್ ಬರೆದ ಹುಡುಗಿಯ ಚಿತ್ರ ‘ಲಾ ಮೂಸ್ಮೆ’ ನಮ್ಮ ಪ್ರೆಸ್ಸಿಗೆ ಕ್ಯಾಲೆಂಡರ್‌ಗಾಗಿ ಬಂದಿತ್ತು. ಅಚ್ಚಿನ ಪ್ಲೇಟು ಮಾಡಿಯಾಗಿತ್ತು, ಮೇಕ್‌ರೆಡಿಯ (ಅಸಲು ಮುದ್ರಣಕ್ಕೆ ಮುಂಚೆ ಮೆಷಿನ್ ಹೊಂದಿಸುವಾಗಿನ) ಶೀಟು ಕನ್ಸೋಲ್ ಮೇಲೆ ಬಿತ್ತು. ಹುಡುಗಿ ಆಗಷ್ಟೇ ಫೇಶಿಯಲ್ ಮಾಡಿಸಿಕೊಂಡು ಬಂದಂತೆ ಗುಲಾಬಿ. ಹಿಂದೆ ಸುಣ್ಣ ಬಳಿದ ಗೋಡೆ.

ತಪ್ಪು ಪ್ರೀಪ್ರೆಸ್‌ನದು, ಅಂದರೆ ಅಚ್ಚಿಗೆ ಫೈಲು ಸಿದ್ಧಮಾಡುವ ನನ್ನದೇ. ಬಣ್ಣ ತಾನೇ ಸರಿಪಡಿಸುವ ‘ಆಟೋ ಕಲರ್’ ಒತ್ತಿಬಿಟ್ಟಿದ್ದೆ. ಈ ಚಿತ್ರದ ಹಿನ್ನೆಲೆ ಬಿಳಿಯಲ್ಲ, ವೆರೊನೀಸ್ ಎಂಬ ಉಜ್ವಲ ಹಸಿರು ಬೆರೆತ ಬಿಳಿ. ಸಾಫ್ಟ್‌ವೇರ್‌ಗೆ ಅದು ಬಣ್ಣದ ದೋಷವಾಗಿ ಕಂಡಿತು. ಹಸಿರು ತೆಗೆಯಲು ಅದರ ಎದುರು ಬಣ್ಣವಾದ ಮೆಜೆಂಟಾ (ಗುಲಾಬಿಗೆಂಪು ಶಾಯಿ) ಎಲ್ಲೆಡೆ ಏರಿಸಿತು. 1888ರ ಬೇಸಿಗೆಯಲ್ಲಿ ದಕ್ಷಿಣ ಫ್ರಾನ್ಸಿನ ಆರ್ಲ್‌ನಿಂದ ಚಿತ್ರಕಾರ ಗೆಳೆಯ ಎಮಿಲ್ ಬರ್ನಾರ್ಡ್‌ಗೆ ಬರೆದ ಪತ್ರದಲ್ಲಿ ಕಲಾವಿದನೇ ಲೆಕ್ಕ ಕೊಟ್ಟಿದ್ದಾನೆ: ಮೈಬಣ್ಣ ಹಳದಿ-ಬೂದು, ರಕ್ತಗೆಂಪು ಜಾಕೆಟ್ಟಿಗೆ ನೇರಳೆ ಪಟ್ಟೆ, ನೀಲಿ ಲಂಗದ ಮೇಲೆ ಕಿತ್ತಳೆ ಚುಕ್ಕೆ, ಕೈಯಲ್ಲಿ ಕಣಗಿಲೆ. ಹೀಗೆ ಬರೆದಿಟ್ಟದ್ದನ್ನು ಓದದೆ ಬಣ್ಣ ತಿದ್ದಲು ಕೈ ಹಾಕಬಾರದಿತ್ತು.

ಪ್ರೆಸ್‌ಮನ್ ‘ಮೆಜೆಂಟಾ ಇಳಿಸ್ತೀನಿ ಬಿಡಿ’ ಅಂದ. ನಾನೂ ಹೂಂ ಅಂದೆ. ಅದು ಎರಡನೇ ತಪ್ಪು. ಶಾಯಿಯ ಪ್ರಮಾಣ ಏರಿಸಿ ಇಳಿಸುವ ಇಂಕ್ ಕೀ ಕೆಲಸ ಮಾಡುವುದು ಶೀಟು ಓಡುವ ದಿಕ್ಕಿನ ಉದ್ದದ ಪಟ್ಟಿಯಲ್ಲಿ. ಮೇಲೆ ಮುಖ, ಅದರ ಕೆಳಗೆ ಜಾಕೆಟ್, ಅದರ ಕೆಳಗೆ ಲಂಗ, ಮೂರೂ ಒಂದೇ ಪಟ್ಟಿ. ಐವತ್ತು ಶೀಟು ಓಡಿಸಿ ಎಳೆದು ನೋಡಿದರೆ ಮುಖ ಒಂದಿಷ್ಟು ದಾರಿಗೆ ಬಂದಿತ್ತು, ಆದರೆ ಕಿತ್ತಳೆ ಚುಕ್ಕೆ ನಿಂಬೆಹಣ್ಣಾಗಿತ್ತು, ರಕ್ತಗೆಂಪು ಇಟ್ಟಿಗೆಯಾಗಿತ್ತು, ಲಂಗದ ನೀಲಿ ತೆಳುವಾಗಿತ್ತು. ಮತ್ತೆ ಏರಿಸಿದರೆ ಮತ್ತೆ ಫೇಶಿಯಲ್. ಹತ್ತು ನಿಮಿಷ ಇದೇ ಹಗ್ಗಜಗ್ಗಾಟ; ಡೆನ್ಸಿಟಿ (ಹಾಳೆಯ ಮೇಲಿನ ಶಾಯಿಯ ಸಾಂದ್ರತೆ) ಸರಿಯಿದ್ದಾಗ ತಪ್ಪು ಫೈಲಿನಲ್ಲೇ ಇರುತ್ತದೆ ಅಂತ ಗೊತ್ತಿದ್ದೂ.

ಕೊನೆಗೆ ಮೆಷಿನ್ ನಿಲ್ಲಿಸಿ ಫೈಲು ಮೊದಲಿನಿಂದ ಮಾಡಿದೆ. ಆಟೋ ಇಲ್ಲ. ಹಿನ್ನೆಲೆಯಲ್ಲಿ ನಾಲ್ಕು ಕಡೆ ಬಣ್ಣದ ಸ್ಯಾಂಪಲ್ ತೆಗೆದು ಸಯಾನ್ (ನೀಲಿ ಶಾಯಿ), ಹಳದಿ ಎರಡೂ ಮೆಜೆಂಟಾಕ್ಕಿಂತ ಮೇಲಿವೆ, ಅಂದರೆ ಹಸಿರು ಉಳಿದಿದೆ ಅಂತ ಖಾತ್ರಿ ಮಾಡಿಕೊಂಡೆ. ಫೋಟೋಗಳಲ್ಲಿ ಚರ್ಮದ ಬಣ್ಣಕ್ಕೆ ಬಳಸುವ ಸೂತ್ರವನ್ನು ಈ ಮುಖಕ್ಕೆ ಹಚ್ಚುವುದು ಕೈಬಿಟ್ಟೆ.

ಇನ್ನೊಂದು: ಮೂಲ ಕ್ಯಾನ್ವಾಸ್ 73.3 × 60.3 ಸೆಂ.ಮೀ. 18 × 24 ಇಂಚಿನ ಹಾಳೆಯಲ್ಲಿ ಪೂರ್ತಿ ಎತ್ತರಕ್ಕೆ ಹಿಗ್ಗಿಸಿದರೆ ಅಗಲದಲ್ಲಿ ಸುಮಾರು 1.7 ಇಂಚು ಹೋಗುತ್ತದೆ, ಕುರ್ಚಿಯ ಬಾಗಿದ ತೋಳಿಗೇ ಕತ್ತರಿ. ಅಗಲ 18 ಇಟ್ಟರೆ ಎತ್ತರ 21.9, ಕೆಳಗೆ ಉಳಿಯುವ 2 ಇಂಚಿನಲ್ಲಿ ತಾರೀಕಿನ ಪಟ್ಟಿ ಸಲೀಸಾಗಿ ಕೂರುತ್ತದೆ.

ಪ್ರೂಫ್‌ನಲ್ಲೇ ಯಾಕೆ ಹಿಡಿಯಲಿಲ್ಲ ಅಂತ ಮ್ಯಾನೇಜರ್ ಕೇಳಿದರು. ಪ್ರೂಫ್ ನೋಡಿದ್ದು ಟ್ಯೂಬ್‌ಲೈಟ್ ಕೆಳಗೆ. ಬಣ್ಣ ಸರಿಯಾಗಿ ನೋಡಲು ಬೇಕಾದ, ಹಗಲಿನಂಥ ಬೆಳಕು ಕೊಡುವ 5000 ಕೆಲ್ವಿನ್‌ನ ಲೈಟ್ ಬೂತ್ ಎರಡು ವರ್ಷದಿಂದ ಕೊಟೇಶನ್‌ನಲ್ಲೇ ಇದೆ.