ಹೋದ ವರ್ಷದ ಅರ್ಜಿ ಏನಾಯ್ತು?

ನಮ್ಮ ಸಮಾಜ ಪುಸ್ತಕದಲ್ಲಿ ಗ್ರಾಮ ಪಂಚಾಯತಿ ಅಂದರೆ ಎರಡು ಅಂಕದ ಪ್ರಶ್ನೆ. ಬಾಯಿಪಾಠ ಮಾಡಿ ಬರೆದರೆ ಮುಗೀತು. ಪಂಚಾಯತಿಯವರನ್ನು ನಾವು ಎದುರಾಎದುರು ಕಂಡದ್ದು ಶಾಲೆಯಲ್ಲಿ ನಡೆದ ಮಕ್ಕಳ ಗ್ರಾಮ ಸಭೆಯಲ್ಲಿ.

2006ರಲ್ಲಿ ಸರ್ಕಾರ ಸುತ್ತೋಲೆ ಹೊರಡಿಸಿದ ಮೇಲೆ ರಾಜ್ಯದ ಗ್ರಾಮ ಪಂಚಾಯತಿಗಳೆಲ್ಲ ವರ್ಷಕ್ಕೊಮ್ಮೆ ಈ ಸಭೆ ನಡೆಸಬೇಕು. ಆದರೆ ಅದಕ್ಕೂ ಮುಂಚೆ, 90ರ ದಶಕದಲ್ಲೇ, ಭೀಮ ಸಂಘ ಅನ್ನೋ ತಮ್ಮದೇ ಸಂಘಟನೆ ಕಟ್ಟಿಕೊಂಡಿದ್ದ ದುಡಿಯುವ ಮಕ್ಕಳು ನಮ್ಮ ಕುಂದಾಪುರದ ಕಡೆಯ ಹಳ್ಳಿಗಳಲ್ಲಿ ಮಕ್ಕಳ ಪಂಚಾಯತ್ ಕಟ್ಟಿದ್ದರು. ನಾವು ಶಾಲೆಯಲ್ಲಿದ್ದಾಗ ನಮಗೆ ಇದನ್ನು ಯಾರೂ ಹೇಳಲಿಲ್ಲ. ಹೇಳಿದ್ದರೆ ಸ್ವಲ್ಪ ಜಂಬ ಪಡಬಹುದಿತ್ತು, ಅಲ್ವಾ?

ಮೊದಲ ವರ್ಷದ ಸಭೆಯಲ್ಲಿ ಸ್ವಾಗತ, ಹಾರ, ಭಾಷಣ ಮುಗಿಯುವಾಗ ಬಿಸಿಯೂಟದ ಗಂಟೆ ಹತ್ತಿರ ಬಂದಿತ್ತು. ದೊಡ್ಡವರಿಗೆ ಕುರ್ಚಿ, ನಮಗೆ ಜಮಖಾನ. ಮೈಕು ನಮ್ಮ ಕೈಗೆ ಬರುವಷ್ಟರಲ್ಲಿ ಪುಟ್ಟ ಮಕ್ಕಳು ತಟ್ಟೆ ಹಿಡಿದು ಎದ್ದಾಗಿತ್ತು. ಆದರೂ ನಾವು ತೋಡು, ಅಂದರೆ ಸಣ್ಣ ಹಳ್ಳ, ದಾಟಲು ಗಟ್ಟಿಯಾದ ಕಾಲುಸಂಕ ಕೇಳಿದೆವು. ಆಗ ಇದ್ದದ್ದು ಅಡಿಕೆ ಮರ ಕಡಿದು ಜೋಡಿಸಿದ ಸಂಕ. ಮಳೆಗಾಲದಲ್ಲಿ ಪಾಚಿ ಹಿಡಿದು ಜಾರುತ್ತಿತ್ತು. ತೋಡು ತುಂಬಿದರೆ ಆಚೆ ದಡದ ಮಕ್ಕಳು ಶಾಲೆಗೆ ಬರುತ್ತಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವರೆಲ್ಲ ಬರೀ ಗೈರು.

ಎಲ್ಲರೂ ಚಪ್ಪಾಳೆ ತಟ್ಟಿದರು. ‘ಎಷ್ಟು ಚೆಂದ ಮಾತಾಡ್ತಾರೆ ಮಕ್ಕಳು’ ಅಂದರು. ಚಪ್ಪಾಳೆ ಧಾರಾಳವಾಗಿ ಸಿಕ್ಕಿತು, ಉತ್ತರ ಮಾತ್ರ ಇಲ್ಲ.

ಮರುವರ್ಷ ಸಮಾಜ ಟೀಚರ್ ನಮ್ಮಿಂದಲೇ ಒಂದು ಪಟ್ಟಿ ಮಾಡಿಸಿದರು. ಜೂನ್‌ನಿಂದ ಆಗಸ್ಟ್‌ವರೆಗಿನ ಹಾಜರಿ ನೋಡಿ, ಆಚೆ ದಡದ ಯಾರು ಯಾವ ದಿನ ಬಂದಿಲ್ಲ ಅಂತ ಬರೆದೆವು. ಜೋರು ಮಳೆಯ ದಿನ ಅಷ್ಟೂ ಮಕ್ಕಳು ಒಟ್ಟಿಗೇ ಗೈರು! ಆ ಕಾಗದ ಹಿಡಿದು ನಿಂತವಳು ನಮ್ಮ ತರಗತಿಯಲ್ಲಿ ಅತೀ ಕಡಿಮೆ ಮಾತಾಡುವ ಹುಡುಗಿ. ‘ಹೋದ ವರ್ಷದ ಅರ್ಜಿ ಏನಾಯ್ತು ಸರ್?’ ಅಂತ ಒಂದೇ ಮಾತು ಕೇಳಿದಳು. ಪಂಚಾಯತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ನಡಾವಳಿ ಪುಸ್ತಕ ತಿರುವಿ ಹಾಕಿದರು. ನಮ್ಮ ಬೇಡಿಕೆ ಅದರಲ್ಲಿ ಇರಲೇ ಇಲ್ಲ. ಹಿಂದಿನ ಸಾಲಿನಲ್ಲಿ ಯಾರೋ ‘ಮಕ್ಕಳಿಗೆ ಇದೆಲ್ಲ ಎಂತಕ್ಕೆ’ ಅಂದದ್ದು ಕೇಳಿಸಿತು. ಟೀಚರ್ ಬಿಡಲಿಲ್ಲ. ಅಲ್ಲೇ ಬರೆಸಿ, ಬರೆದದ್ದನ್ನು ಗಟ್ಟಿಯಾಗಿ ಓದಿಸಿದರು.

ಕಾಂಕ್ರೀಟಿನ ಕಾಲುಸಂಕ ಆಮೇಲೆ ಬಂತು. ನಮ್ಮಿಂದಲೇ ಬಂತು ಅಂತ ನಾನು ಹೇಳೋದಿಲ್ಲ, ಚುನಾವಣೆಯೂ ಹತ್ತಿರ ಇತ್ತು. ಆದರೆ ಹದಿನೆಂಟು ತುಂಬಿ ಮೊದಲ ಸಲ ಓಟು ಹಾಕಿದಾಗ ನನಗೆ ಅಂಥ ರೋಮಾಂಚನ ಏನೂ ಆಗಲಿಲ್ಲ. ಹೆಸರು, ಶಾಯಿ, ಗುಂಡಿ, ಅಷ್ಟೇ. ಅದಕ್ಕಿಂತ ಜಾಸ್ತಿ ನೆನಪಿರೋದು ಆ ಹುಡುಗಿಯ ಪ್ರಶ್ನೆ, ಪಿಡಿಒ ಪುಟ ತಿರುವಿದ ಸದ್ದು.

ಈಗ ಅಕ್ಕನ ಮಗಳು ಅದೇ ಶಾಲೆಯಲ್ಲಿ ಎಂಟನೇ ತರಗತಿ. ಸಂಜೆ ಶಾಲೆ ಬಿಡುವ ಹೊತ್ತಿಗೆ ಬಸ್ಸಿಲ್ಲ ಅನ್ನೋದು ಈ ವರ್ಷ ಅವರ ದೂರು. ‘ಬಸ್ಸು ಪಂಚಾಯತಿಯ ಕೈಯಲ್ಲಿಲ್ಲ ಮಗಾ’ ಅಂದರಂತೆ ಅಧ್ಯಕ್ಷರು. ‘ಹಾಗಾದ್ರೆ ಯಾರ ಕೈಯಲ್ಲಿದೆಯೋ ಅವರನ್ನು ಮುಂದಿನ ಸಭೆಗೆ ಕರೀರಿ’ ಅಂದಳಂತೆ ಇವಳು.